ತುಟಿ ಅಲ್ಲಾಡಿಸಿದ್ದಕ್ಕೆ ಸೊನ್ನೆ

ನಾನು ಚಿಕ್ಕವಳಿದ್ದಾಗ ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ ಎಂದು ನೀವು ಮೊಮ್ಮಕ್ಕಳು ಕಿಸಿಕಿಸಿ ನಗುತ್ತೀರಿ, ನನಗೆ ಗೊತ್ತು. ನಗಿ. ಆ ಕೋಪ ಒಂದು ದಿನ ನನ್ನ ಮಾನ ಕಾಪಾಡಿತು. ಅದರ ಕಥೆ ಹೇಳುತ್ತೇನೆ.

ಆಗ ನಾವು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೈಸೂರಿನಿಂದ ಬಂದ ಅಪ್ಪ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ಮನೆ ನಮ್ಮದೊಂದೇ. ಹಿತ್ತಲಲ್ಲಿ ಒಂದು ನಿಂಬೆ ಗಿಡ, ಬಟ್ಟೆ ಒಣಗಿಸಲು ಕೊಡೆಯ ಹಾಗೆ ಬಿಚ್ಚಿಕೊಂಡು ಗಿರಗಿರ ತಿರುಗುವ ಒಂದು ಕಂಬ, ಬೇಲಿಯಾಚೆ ನೀಲಗಿರಿ ಮರಗಳು. ಬಿಸಿಲೇರಿದಾಗ ಆ ಎಲೆಗಳ ಘಾಟು ಅಡುಗೆಮನೆಯವರೆಗೂ ಬರುತ್ತಿತ್ತು. ನೆಗಡಿಯಾದಾಗ ಅಮ್ಮ ಹಣೆಗೆ ಹಚ್ಚುತ್ತಿದ್ದ ಎಣ್ಣೆಯದ್ದೇ ವಾಸನೆ.

ಅಪ್ಪನಿಗೆ ಆಸ್ಪತ್ರೆಯಲ್ಲಿ ಹೊಸದರಲ್ಲೇ ಒಂದು ಅವಮಾನವಾಗಿತ್ತು. ರಾತ್ರಿಯಿಡೀ ಕಣ್ಣು ಮುಚ್ಚದೆ ರೋಗಿಗಳನ್ನು ನೋಡಿಕೊಂಡು, ಬೆಳಿಗ್ಗೆ ದೊಡ್ಡ ಡಾಕ್ಟರ ಎದುರು ‘ಹಾರ್ಡ್ ಕೆಲಸ ಮಾಡಿದೆ’ ಎನ್ನುವ ಬದಲು ‘ಹಾರ್ಡ್ಲಿ ಕೆಲಸ ಮಾಡಿದೆ’ ಎಂದುಬಿಟ್ಟಿದ್ದರಂತೆ. ಕೆಲಸವನ್ನೇ ಮಾಡಲಿಲ್ಲ ಎಂದು ಹೇಳಿದಂತಾಯಿತು. ವಾರ್ಡಿನವರೆಲ್ಲ ನಕ್ಕರು. ಅಷ್ಟು ಓದಿದ ಅಪ್ಪ, ‘ಲಿ’ ಎಂಬ ಒಂದು ಬಾಲದಿಂದಾಗಿ ನಗೆಪಾಟಲಾದರು.

ಅಪ್ಪ ಅಳಲಿಲ್ಲ, ಬೈಯಲಿಲ್ಲ. ನಮ್ಮೂರಲ್ಲಿ ಯಾವುದನ್ನಾದರೂ ಮರೆಯಬಾರದು ಎಂದರೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮಗ್ಗಿ ಕಟ್ಟಿದರು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ಹೇಳಿಸುತ್ತಿದ್ದ ಅದೇ ರಾಗದಲ್ಲಿ, ಸಂಜೆ ಕೈಕಾಲು ತೊಳೆದು ಬಂದ ಮೇಲೆ, ಅಕ್ಕನನ್ನೂ ನನ್ನನ್ನೂ ಕೈಕಟ್ಟಿ ನಿಲ್ಲಿಸಿ ಹೇಳಿಸುತ್ತಿದ್ದರು:

“ಹಾರ್ಡ್ ಅಂದ್ರೆ ಕಷ್ಟಪಟ್ಟು, ಹಾರ್ಡ್ಲಿ ಅಂದ್ರೆ ಇಲ್ಲವೆನ್ನುವಷ್ಟು. ಲೇಟ್ ಅಂದ್ರೆ ತಡವಾಗಿ, ಲೇಟ್ಲಿ ಅಂದ್ರೆ ಈಚೀಚೆಗೆ. ನಿಯರ್ ಅಂದ್ರೆ ಹತ್ತಿರ, ನಿಯರ್ಲಿ ಅಂದ್ರೆ ಇನ್ನೇನು ಆಗುವಷ್ಟು...”

ಇಂಥವು ಇನ್ನೂ ಎಷ್ಟೋ ಇದ್ದವು. ಒಗ್ಗರಣೆ ಚಟಪಟ ಎನ್ನುತ್ತಿರುತ್ತಿತ್ತು, ನಮ್ಮ ರಾಗ ಹಿತ್ತಲು ದಾಟಿ ಹೋಗುತ್ತಿತ್ತು. ಪಕ್ಕದ ಮನೆಯವರು ನಾವು ದೇವರ ಪ್ರಾರ್ಥನೆ ಮಾಡುತ್ತೇವೆ ಎಂದೇ ತಿಳಿದಿದ್ದರು.

ಶಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಹಿಂದೆ ತಗಡಿನ ಮಾಡಿನ ಒಂದು ಮರದ ಕೋಣೆ ಇತ್ತು. ಇಂಗ್ಲಿಷ್ ಬರುವುದಿಲ್ಲ ಎಂದು ಟೀಚರುಗಳು ತೀರ್ಮಾನಿಸಿದ ಮಕ್ಕಳನ್ನು ಅಲ್ಲಿ ಕೂರಿಸುತ್ತಿದ್ದರು. ಗ್ರೀಕರ ಮಕ್ಕಳು, ಇಟಲಿಯವರ ಮಕ್ಕಳು, ಆಗಷ್ಟೇ ವಿಯೆಟ್ನಾಮಿನಿಂದ ಬಂದವರು. ದಡ್ಡರು ಒಬ್ಬರೂ ಇರಲಿಲ್ಲ. ಆದರೆ ದಿನವಿಡೀ ಅವರಿಗಿದ್ದ ಪಾಠ ಒಂದೇ, ಚಿತ್ರಕ್ಕೆ ಬಣ್ಣ ತುಂಬುವುದು. ನನ್ನ ಅಕ್ಕ ಅಲ್ಲಿದ್ದಳು. ಬಂದ ಹೊಸದರಲ್ಲಿ ಯಾರೋ ಏನೋ ಕೇಳಿದಾಗ ನಾಚಿಕೊಂಡು ಸುಮ್ಮನೆ ನಿಂತಳಂತೆ, ಅಷ್ಟಕ್ಕೇ ಕಳಿಸಿಬಿಟ್ಟರು. ಮನೆಯಲ್ಲಿ ಮಗ್ಗಿಯನ್ನು ನನಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದ ಅಕ್ಕ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಅಪ್ಪ ಒಮ್ಮೆ ಹೋಗಿ ಕೇಳಿ, ಮುಖ ಸಣ್ಣ ಮಾಡಿಕೊಂಡು ಬಂದರು.

ಡಿಸೆಂಬರ್ ಬಂತು. ಅಲ್ಲಿ ಅದೇ ಬೇಸಿಗೆ, ಶಾಲೆಯ ವರ್ಷವೂ ಆಗಲೇ ಮುಗಿಯುವುದು. ಮುಂದಿನ ವರ್ಷ ಯಾರು ಮೇಲಿನ ತರಗತಿಗೆ, ಯಾರು ತಗಡಿನ ಕೋಣೆಗೆ ಎಂದು ಹೇಳುವ ಪರೀಕ್ಷೆ. ಉತ್ತರದ ಮರುಭೂಮಿಯಿಂದ ಬಿಸಿಗಾಳಿ ಬೀಸುತ್ತಿತ್ತು. ಬೆವರಿಗೆ ತೊಡೆ ಕುರ್ಚಿಗೆ ಅಂಟುತ್ತಿತ್ತು, ಪೆನ್ಸಿಲ್ ಜಾರುತ್ತಿತ್ತು. ಕಾಗದ ತಿರುಗಿಸಿ ನೋಡಿದರೆ ನನ್ನ ಜೀವ ಹಿಗ್ಗಿತು. ಹಾರ್ಡೋ ಹಾರ್ಡ್ಲಿಯೋ, ಲೇಟೋ ಲೇಟ್ಲಿಯೋ, ಸರಿಯಾದದ್ದನ್ನು ಆರಿಸಿ ಬರೆಯಿರಿ! ಅಪ್ಪ ಕಟ್ಟಿದ ಮಗ್ಗಿಯೇ ನನ್ನ ಮುಂದೆ ಕುಳಿತಿತ್ತು.

ಮಗ್ಗಿ ಕಲಿತವರಿಗೆ ಒಂದು ಅಭ್ಯಾಸ ಇರುತ್ತದೆ. ಬಾಯಿಪಾಠ ಮಾಡಿದ್ದು ಬಾಯಿಂದಲೇ ಹೊರಗೆ ಬರಬೇಕು. ಏಳೆಂಟ್ಲ ಎಷ್ಟು ಎಂದರೆ ನಾವು ಏಳೊಂದ್ಲದಿಂದ ಪಿಸುಗುಟ್ಟುತ್ತಾ ಬರುತ್ತೇವೆ. ನಾನೂ ತುಟಿ ಅಲ್ಲಾಡಿಸುತ್ತಾ, ತಲೆ ತೂಗುತ್ತಾ ಒಂದೊಂದೇ ಬರೆದೆ. ಎಲ್ಲವನ್ನೂ ಬರೆದೆ.

ತಟ್ಟನೆ ಕಾಗದದ ಮೇಲೆ ಒಂದು ನೆರಳು ಬಿತ್ತು. ಟೀಚರ್ ನನ್ನ ಕಾಗದ ಎಳೆದುಕೊಂಡು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿದರು. ನಾನು ಪಕ್ಕದವಳ ಹತ್ತಿರ ಉತ್ತರ ಕೇಳುತ್ತಿದ್ದೆನಂತೆ! ಪಕ್ಕದವಳು ಪಾಪ, ಮುಖವೆಲ್ಲ ಕೆಂಪಾಗಿ, ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಟೀಚರ್ ಕೇಳಲಿಲ್ಲ. ಮುಂದಿನ ವರ್ಷ ನಿನ್ನ ಅಕ್ಕನ ಜೊತೆ ಕೂರುವೆಯಂತೆ, ಅದೇ ನಿನಗೆ ಸರಿ ಎಂದರು.

ನನ್ನ ಮೈಯೆಲ್ಲ ಉರಿಯಿತು. ಅಳು ಬಂತು, ಆದರೆ ಅಳಲಿಲ್ಲ. ಎದ್ದು ನಿಂತೆ. ನಾನು ಕೇಳಲಿಲ್ಲ, ನಾನು ಹೇಳಿಕೊಳ್ಳುತ್ತಿದ್ದೆ ಎಂದೆ. ಏನು ಹೇಳಿಕೊಳ್ಳುತ್ತಿದ್ದೆ ಎಂದರು. “ಮಗ್ಗಿ” ಎಂದೆ. ಇಂಗ್ಲಿಷಿನಲ್ಲಿ ಅದಕ್ಕೆ ಏನೆನ್ನಬೇಕೋ ಹೊಳೆಯಲಿಲ್ಲ. ತರಗತಿ ಗೊಳ್ಳೆಂದಿತು. ಕೂತುಕೋ ಎಂದರು ಟೀಚರ್. ನಾನು ಕೂರಲಿಲ್ಲ. ಇನ್ನೊಮ್ಮೆ ಹೇಳಿದರು. ಆಗಲೂ ಕೂರಲಿಲ್ಲ. ಕೊನೆಗೆ ಅವರು ರೇಗಿ, ಇವಳ ಅಕ್ಕನನ್ನು ಕರೆತನ್ನಿ, ಅವಳಾದರೂ ಇವಳನ್ನು ಕೂರಿಸಲಿ ಎಂದರು.

ಅಕ್ಕ ಬಂದಳು. ಬೆರಳಿಗೆಲ್ಲ ಬಣ್ಣ ಮೆತ್ತಿತ್ತು. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಳು. ಇನ್ನೇನು, ಸಾರಿ ಮಿಸ್ ಎಂದು ನನ್ನ ಪರವಾಗಿ ಕ್ಷಮೆ ಕೇಳುತ್ತಾಳೆ ಎಂದುಕೊಂಡೆ.

“ಏನೇ ಆಯ್ತು?” ಎಂದಳು ಮೆಲ್ಲಗೆ.

“ಅಪ್ಪನ ಮಗ್ಗಿ ಹೇಳ್ಕೊಂಡಿದ್ದಕ್ಕೆ ಸೊನ್ನೆ ಕೊಟ್ಬಿಟ್ರು ಕಣೆ.”

ಅಕ್ಕ ಆ ಕೆಂಪು ಸೊನ್ನೆ ನೋಡಿದಳು. ಆಮೇಲೆ ತಲೆ ಎತ್ತಿದಳು. ಮನೆಯಲ್ಲಿ ಅಪ್ಪನ ಎದುರು ನಿಲ್ಲುವ ಹಾಗೆ ಕೈಕಟ್ಟಿ, ಶಾಲೆಯಲ್ಲಿ ನಾನೆಂದೂ ಕೇಳಿರದ ಗಟ್ಟಿ ದನಿಯಲ್ಲಿ ಶುರು ಮಾಡಿದಳು: “ಹಾರ್ಡ್ ಅಂದ್ರೆ ಕಷ್ಟಪಟ್ಟು!”

“ಹಾರ್ಡ್ಲಿ ಅಂದ್ರೆ ಇಲ್ಲವೆನ್ನುವಷ್ಟು!” ಎಂದೆ ನಾನು.

ಇಬ್ಬರೂ ಕೂಡಿ ಪೂರ್ತಿ ಹೇಳಿದೆವು, ಒಂದನ್ನೂ ಬಿಡಲಿಲ್ಲ. ನಗುತ್ತಿದ್ದ ಮಕ್ಕಳು ಕತ್ತು ಚಾಚಿ ಕೇಳಿದರು. ಹಿಂದಿನ ಸಾಲಿನ ಯಾರೋ ಮೇಜಿನ ಮೇಲೆ ತಾಳ ಹಾಕತೊಡಗಿದರು. ಮುಗಿದ ಮೇಲೆ ಅಕ್ಕ ಟೀಚರ ಕಡೆ ತಿರುಗಿ, ಇದು ನಮ್ಮ ಅಪ್ಪ ಮಾಡಿದ ಪಾಠ, ನಾವು ಹೀಗೇ ಕಲಿಯುವುದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಒಂದು ತಪ್ಪೂ ಇರಲಿಲ್ಲ.

ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡರು. ಹಲಗೆಯ ಮೇಲೆ ಬೇರೆ ವಾಕ್ಯಗಳನ್ನು ಬರೆದು, ನಮ್ಮಿಬ್ಬರನ್ನೂ ದೂರ ದೂರ ನಿಲ್ಲಿಸಿ ಉತ್ತರ ಬರೆಸಿದರು. ನಾವು ಇಬ್ಬರೂ ತುಟಿ ಅಲ್ಲಾಡಿಸುತ್ತಲೇ ಬರೆದೆವು. ಎಲ್ಲವೂ ಸರಿ. ಟೀಚರ್ ಸೊನ್ನೆಯನ್ನು ಹೊಡೆದುಹಾಕಿದರು, ಆದರೆ ತಪ್ಪಾಯಿತು ಎನ್ನಲಿಲ್ಲ. ಇನ್ನು ಮೇಲೆ ಬಾಯಿ ಮುಚ್ಚಿಕೊಂಡು ಯೋಚನೆ ಮಾಡು ಎಂದರು.

“ನೋ, ಮಿಸ್” ಎಂದೆ ನಾನು.

ಆ ಸಂಜೆ ಅಮ್ಮ ಹೆದರಿ, “ಟೀಚರಿಗೆ ಎದುರು ಮಾತಾಡಿದ್ಯಾ? ನಾವಿಲ್ಲಿ ಹೊಸಬರು, ತಗ್ಗಿ ಬಗ್ಗಿ ಇರ್ಬೇಕಮ್ಮ” ಎಂದಳು. ಅಪ್ಪ ಶರ್ಟಿನ ಗುಂಡಿ ಬಿಚ್ಚುತ್ತಾ ನಿಂತಿದ್ದವರು, “ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಕಣೆ. ಬಿಡು, ಚೆನ್ನಾಗೇ ಮಾಡಿದಾರೆ” ಎಂದರು. ಮುಖ ಆಚೆ ತಿರುಗಿಸಿದರು. ಅಪ್ಪನ ಕಣ್ಣಲ್ಲಿ ನೀರಿತ್ತು. ಮುಂದಿನ ವರ್ಷ ಅಕ್ಕ ತನ್ನ ವಯಸ್ಸಿನವರ ತರಗತಿಯಲ್ಲೇ ಕುಳಿತಳು.

ನೀವು ಈಗ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಶಾಲೆಗೆ ಹೋಗುತ್ತೀರಿ. ನಿಮ್ಮ ತರಗತಿಯಲ್ಲಿ ಹತ್ತಾರು ದೇಶದ ಮಕ್ಕಳು, ತಗಡಿನ ಕೋಣೆ ಇಲ್ಲ. ನೀವು ತಪ್ಪು ಬರೆದರೆ ಫೋನೇ ಕೆಂಪು ಗೆರೆ ಎಳೆದು ತಿದ್ದುತ್ತದೆ. ಒಳ್ಳೆಯದೇ ಆಯಿತು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮೊನ್ನೆ ಅಂಗಡಿಯಲ್ಲಿ ನಾನು ಡಬ್ಬಿಯ ಮೇಲಿದ್ದುದನ್ನು ಓದುತ್ತಿದ್ದಾಗ ನೀವು ನನ್ನ ಸೆರಗು ಎಳೆದು, “ಅಜ್ಜಿ, ಯುವರ್ ಲಿಪ್ಸ್ ಆರ್ ಮೂವಿಂಗ್, ಎಲ್ಲರೂ ನೋಡ್ತಿದಾರೆ” ಎಂದಿರಲ್ಲ?

ನೋಡಲಿ ಬಿಡಿ. ಪರ್ತ್‌ನಲ್ಲಿರುವ ನನ್ನ ಅಕ್ಕನ ತುಟಿಯೂ ಇವತ್ತಿಗೂ ಹೀಗೇ ಅಲ್ಲಾಡುತ್ತದೆ, ಹಾಗಿದ್ದೂ ಅವಳು ನಿವೃತ್ತಿಯಾಗುವವರೆಗೂ ಇಂಗ್ಲಿಷ್ ಟೀಚರಾಗಿದ್ದಳು. ಆ ಫೋನು ಕೆಳಗಿಡಿ. ಬನ್ನಿ, ಸಾಲಾಗಿ ನಿಂತುಕೊಳ್ಳಿ, ಕೈಕಟ್ಟಿ. ಪಕ್ಕದ ಮನೆಗೂ ಕೇಳಿಸಬೇಕು.

ಹಾರ್ಡ್ ಅಂದರೆ?