ಕಮಲತ್ತೆ ಹೇಳದ ಕಾರಣ

ಈಗಷ್ಟೇ ಕರೆಂಟು ಹೋಯಿತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಅದು ತಿಳಿಯಲು ಫ್ಯಾನಿನ ಕಡೆ ನೋಡಬೇಕಿಲ್ಲ. ಮನೆಮನೆಯ ಮಗ್ಗಗಳ ಖಟಖಟ ಒಮ್ಮೆಲೇ ನಿಂತು, ಎದುರುಮನೆಯ ಕುಕ್ಕರಿನ ಸೀಟಿಯೂ ನಮ್ಮದೇ ಅಡುಗೆಮನೆಯಲ್ಲಿ ಕೂಗಿದಂತಾಗುತ್ತದೆ. ಮೊದಲೆಲ್ಲ ಇದೇ ಹೊತ್ತಿಗೆ ಫೋನು ಒಂದೇ ಸಮ ಟಿಣ್ ಟಿಣ್ ಎನ್ನತೊಡಗುತ್ತಿತ್ತು. ಮಗ್ಗ ನಡೆಯುವಾಗ ಯಾರು ಮಾತಾಡಿ ಕಳಿಸಿದ ಮೆಸೇಜೂ ಯಾರಿಗೂ ಕೇಳಿಸದು ನೋಡಿ, ಹಾಗಾಗಿ ಕರೆಂಟು ಹೋದಾಗಲೇ ನಮ್ಮ ಓಣಿಯ ಗ್ರೂಪಿಗೆ ಜೀವ ಬರುತ್ತಿತ್ತು. ಇವತ್ತು ಬಂದದ್ದು ಒಂದೇ ಒಂದು: ‘ನಾಳೆ ನಳಕ್ಕೆ ನೀರು ಬರುವುದಿಲ್ಲ.’ ಈಗ ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಉಳಿದವರು ಓದಬಹುದು.

ಕಮಲತ್ತೆ ಅಡ್ಮಿನ್ ಆಗಿದ್ದ ಕಾಲ ನೆನಪಾಗುತ್ತದೆ. ಒಂದು ಸೀರೆಯ ಅಂಚು ಗಿಳಿಹಸಿರೋ ಎಲೆಹಸಿರೋ ಎಂದು ಓಣಿಗೆ ಓಣಿಯೇ ಜಗಳಾಡುತ್ತಿದ್ದ ಕಾಲ ಅದು. ನಾನೂ ಏನೂ ತಿಳಿಯದೆ ಎಲೆಹಸಿರಿನ ಪಕ್ಷ ಸೇರಿ ಸೋತಿದ್ದೆ.

ಕಮಲತ್ತೆ ನನ್ನ ಅಪ್ಪನ ತಂಗಿ. ಮನೆಯಲ್ಲೇ ಜಂಪರು ಹೊಲಿಯುತ್ತಿದ್ದಳು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯದು ಎಂಬುದು ಊರಿಗೇ ಗೊತ್ತಿತ್ತು. ಅಂಥವಳನ್ನು ಅಡ್ಮಿನ್ ಮಾಡಿದಾಗ ಜನ ನಕ್ಕರು. ಆದರೆ ಅವಳದೊಂದು ರೀತಿಯಿತ್ತು. ಬೈಗುಳವನ್ನೋ ಚಾಡಿಯನ್ನೋ ಅಳಿಸಿದರೆ, ಯಾಕೆ ಅಳಿಸಿದೆ ಎಂದು ಆಗಲೇ ಎಲ್ಲರಿಗೂ ಹೇಳುತ್ತಿದ್ದಳು.

‘ಅಳಿಸಿದ್ರೂ ಕಳಿಸಿದವರ ಹೆಸರು ಕಾಣ್ತೈತಿ, ಕಾರಣ ಕಾಣಂಗಿಲ್ಲ. ನಾ ಹೇಳದಿದ್ರ ಮಂದಿ ತಮಗ ತಿಳಿದದ್ದು ಹಚ್ಚತಾರ,’ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಜಮಖಂಡಿಯಲ್ಲಿ ಕೆಲಸದಲ್ಲಿದ್ದೆ, ಓಣಿಯ ಮಗ್ಗಗಳೆಲ್ಲ ನಡೆದಿದ್ದವು. ಆಗ ನನ್ನ ಅವ್ವನ ಹೆಸರಿನ ಮೆಸೇಜೊಂದು ಗ್ರೂಪಿಗೆ ಬಂದು, ಯಾರೂ ಕೇಳುವ ಮೊದಲೇ ಅಳಿಸಿಹೋಯಿತು. ಕರೆಂಟು ಹೋದ ಮೇಲೆ ಎಲ್ಲರೂ ಕಾರಣ ಕೇಳಿದರು. ಕಮಲತ್ತೆ, ‘ಈ ಸಲ ಹೇಳಂಗಿಲ್ಲ,’ ಎಂದುಬಿಟ್ಟಳು.

ಎದುರುಮನೆಯ ಶಾರದಾ ಕಾಕು ಎಲ್ಲರಿಗಿಂತ ಜೋರಾದರು. ‘ನಮ್ಮದು ತೆಗದ್ರ ಡಂಗುರ ಸಾರ್ತಿ, ಅಣ್ಣನ ಹೇಂತಿದು ತೆಗದ್ರ ಬಾಯಿ ಬರಂಗಿಲ್ಲೇನು?’

ಅವ್ವ ತುಟಿ ಬಿಚ್ಚಲಿಲ್ಲ. ನಾನು ಅತ್ತೆಯ ಬೆನ್ನು ಹತ್ತಿದೆ. ಪರರ ಗುಟ್ಟಿನ ಚಟ ನನಗೂ ಕಡಿಮೆಯಿಲ್ಲ.

‘ಏನರ ಒಂದು ಕಾರಣ ಹೇಳಿ ಮುಗಿಸಬಾರದೇನು, ಅತ್ತಿ?’

‘ಸುಳ್ಳು ಹೇಳಾಕ ನನಗ ಬರಂಗಿಲ್ಲ.’

‘ಹಂಗಾರ ನನಗೊಬ್ಬಾಕಿಗೆ ಹೇಳು.’

‘ಊರಿಗೆಲ್ಲಾ ಹೇಳಿದ್ರೂ ನಿನಗ ಹೇಳಂಗಿಲ್ಲ ಬೇ,’ ಎಂದು ಹೊಲಿಗೆ ಯಂತ್ರ ತುಳಿಯತೊಡಗಿದಳು.

ಆ ಮಾತು ನನಗೆ ಬಹಳ ಚುಚ್ಚಿತು. ಮಂದಿಯ ಮಾತು ನಿಲ್ಲದೆ ಅತ್ತೆ ಗ್ರೂಪು ಬಿಟ್ಟಳು. ಹೊಸ ಅಡ್ಮಿನ್ ಜಗಳವೇ ಬೇಡವೆಂದು ಎಲ್ಲರ ಬಾಯಿಗೂ ಬೀಗ ಹಾಕಿದರು. ಅತ್ತೆ ತೇರದಾಳದ ಮಗಳ ಮನೆ ಸೇರಿ, ಹೋದ ವರ್ಷ ಅಲ್ಲೇ ತೀರಿಕೊಂಡಳು. ಮಣ್ಣು ಕೊಡಲು ಹೋದವರಲ್ಲೂ ಕೆಲವರು, ‘ಛಲೋ ಹೆಣಮಗಳು, ಆದ್ರ ತನ್ನವರ ಪಕ್ಷ ಹಿಡಿದ್ಲು,’ ಎಂದರು. ಅವಳಿಗೆ ಆ ಮಾತು ಅಂಟಿಕೊಂಡೇ ಉಳಿಯಿತು.

ಮೊನ್ನೆ ಶೇಂಗಾ ಸುಲಿಯುತ್ತ ಕುಳಿತಾಗ ಅವ್ವ ತಾನಾಗಿಯೇ ಹೇಳಿದಳು. ಅದು ಮುಧೋಳದ ತನ್ನ ತಂಗಿಗೆ, ನನ್ನ ಚಿಗವ್ವನಿಗೆ, ಕಳಿಸಬೇಕಾದ ಮಾತು, ಕೈತಪ್ಪಿ ಗ್ರೂಪಿಗೆ ಹೋಗಿತ್ತು. ಆಗ ನಾನು ಗಂಡನ ಮನೆ ಬಿಟ್ಟು ಬಂದ ಹೊಸದು. ಕೆಲಸಕ್ಕೆ ಹತ್ತಿರವೆಂದು ಇಲ್ಲಿದ್ದೇನೆ ಎಂದು ಓಣಿಗೆ ಹೇಳಿದ್ದೆವು.

‘ಮಗಳ ಮುಖಾ ನೋಡೂದ ಆಗವಲ್ದು, ಆಕಿ ತಿರುಗಿ ಬರಬಾರದಿತ್ತು ಅಂತ ಅಂದಿದ್ದೆ. ಅದೊಂದು ಸಲ ಅಂದೆ ನೋಡವ್ವಾ, ಆಮ್ಯಾಲೆ ಎಂದೂ ಹಂಗ ಅನಿಸಿಲ್ಲ. ನಿಮ್ಮತ್ತಿ ಓಡಿ ಬಂದು, ಹುಡುಗಿ ಕಿವಿಗೆ ಇದು ಬೀಳಬಾರದು ಅಂದ್ಲು. ಮಂದಿ ನಿಮ್ಮತ್ತಿಗೆ ಅನ್ನುವಾಗ ನಾ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.’

ಅವ್ವ ಅಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆಗಲೇ ಆ ಮಾತು ಕೇಳಿದ್ದರೆ ಮಾತ್ರ ನಾನು ಈ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅದಕ್ಕೇ ಈಗ ಕರೆಂಟು ಹೋದದ್ದೇ ಎದುರುಮನೆಗೆ ನಡೆದೆ. ಶಾರದಾ ಕಾಕು ಮಗ್ಗ ಬಿಟ್ಟು ಹೊಸ್ತಿಲಲ್ಲಿ ಗಾಳಿಗೆ ಕುಳಿತಿದ್ದರು. ಅವ್ವನ ಮಾತು ನಾನು ಹೇಳಲಿಲ್ಲ, ನನ್ನದಷ್ಟೇ ಹೇಳಿದೆ.

‘ಕಾಕು, ಅವತ್ತ ಅತ್ತಿ ತೆಗದದ್ದು ನನ್ನ ಸುದ್ದಿರಿ. ನಾ ಗಂಡನ ಮನಿ ಬಿಟ್ಟು ಬಂದದ್ದು ಅದರಾಗಿತ್ತು. ಮಂದಿ ಆಡಿ ಅದು ನನ್ನ ಕಿವಿಗೆ ಬೀಳಬಾರದು ಅಂತ ತೆಗದ್ಲು.’

ಕಾಕು ನನ್ನನ್ನೇ ನೋಡಿದರು. ‘ನೀ ಬಿಟ್ಟು ಬಂದದ್ದು ನಮಗೆಲ್ಲಾ ಮೊದಲಽ ಗೊತ್ತಿತ್ತಲ್ಲ ಬೇ. ಯಾರರ ನಿನ್ನ ಮುಂದ ಒಂದ ಮಾತು ಅಂದೇವೇನು?’

ಯಾರೂ ಅಂದಿರಲಿಲ್ಲ. ಇಷ್ಟು ವರ್ಷದಲ್ಲಿ, ಇಷ್ಟು ಬಾಯಿಗಳಿರುವ ಓಣಿಯಲ್ಲಿ, ಒಬ್ಬರೂ ಅಂದಿರಲಿಲ್ಲ.

‘ಹುಡುಗಿ ಸಲುವಾಗಿ ತೆಗದೀನಿ ಅಂತ ನನ್ನ ಕಿವ್ಯಾಗ ಅಂದಿದ್ರ ಮುಗೀತಿತ್ತು,’ ಎಂದು ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ನಮ್ಮನ್ನ ನಂಬಲಿಲ್ಲಲ್ಲ ಅಂತ ಸಿಟ್ಟ ಬಂತು ನೋಡು.’

ಇದನ್ನು ಕಮಲತ್ತೆಗೆ ಹೇಳಬೇಕಿತ್ತು. ನೀನೊಬ್ಬಳೇ ಹೊತ್ತೆ ಅಂದುಕೊಂಡ ಗುಟ್ಟನ್ನು ಓಣಿಯೆಲ್ಲ ಹೊತ್ತುಕೊಂಡಿತ್ತು ಎಂದು ಹೇಳಬೇಕಿತ್ತು. ಅವಳು ನಂಬುತ್ತಿರಲಿಲ್ಲ. ‘ಈ ಬಾಯಿಬಡಕರೇನು!’ ಎಂದು ಹೊಟ್ಟೆ ಹಿಡಿದು ನಕ್ಕು, ಇನ್ನೊಮ್ಮೆ ಹೇಳು ಎನ್ನುತ್ತಿದ್ದಳು. ನಾನು ಇನ್ನೊಮ್ಮೆ ಹೇಳುತ್ತಿದ್ದೆ.