ದರ್ಜಿ ಅಜ್ಜಿ ಮೆಚ್ಚಿದ ಹೊಲಿಗೆ

ಆ ಬೀದಿಯ ದರ್ಜಿ ಅಜ್ಜಿ ಏನನ್ನೂ ಎಸೆದವಳಲ್ಲ. ಗುಂಡಿ, ದಾರ, ಬಟ್ಟೆಯ ಚೂರು ಎಲ್ಲವೂ ಅವಳ ಹೊಲಿಗೆ ಯಂತ್ರದ ಖಾನೆ ಸೇರುತ್ತಿದ್ದವು. ಯಾರ ಹೊಲಿಗೆ ಕಂಡರೂ ಮೂಗು ಮುರಿಯುತ್ತಿದ್ದವಳು, ಮೊಮ್ಮಗಳ ಹುಟ್ಟಿನಿಂದಲೇ ಸೀಳಿದ್ದ ಅಂಗುಳಕ್ಕೆ ಆಸ್ಪತ್ರೆಯಲ್ಲಿ ಹಾಕಿದ ಹೊಲಿಗೆಗೆ ಮಾತ್ರ ಮನಸೋತಳು. ಮಗು ಬಾಯಿಬಿಟ್ಟು ಅತ್ತಾಗಲೆಲ್ಲ ಇಣುಕಿ ನೋಡಿ, "ಕೈ ಅಂದ್ರೆ ಆ ಡಾಕ್ಟರ ಕೈ ಕಣೇ!" ಎನ್ನುತ್ತಿದ್ದಳು.

ಕೆಲಸಕ್ಕೆ ಹೊರಡುವ ಮಗಳದು ದಿನವೂ ಒಂದೇ ರಾಗ. "ಅಮ್ಮಾ, ಗಾಯಕ್ಕೆ ಸೋಂಕು ತಗಲದ ಹಾಗೆ ಕೊಟ್ಟಿರೋ ಔಷಧಿ ಅದು. ಮಗು ಚೆನ್ನಾಗಿದ್ರೂ ಬಾಟ್ಲಿ ಮುಗಿಯೋವರೆಗೂ ಕುಡಿಸ್ಬೇಕಂತೆ."

"ಹೊಲಿಗೆ ವಿಷ್ಯ ನಂಗೇ ಹೇಳ್ಕೊಡ್ತೀಯಾ? ಹೋಗೇ, ಹೊತ್ತಾಯ್ತು."

ಮೊದಲೆಲ್ಲ ಕುಡಿದ ಹಾಲು ಮಗುವಿನ ಮೂಗಿನಿಂದ ಸುರಿಯುತ್ತಿತ್ತು, ಈಗ ಅದು ನಿಂತಿತ್ತು. ಜ್ವರವೂ ಇರಲಿಲ್ಲ. ಇಷ್ಟು ಬಿಗಿಯಾದ ಹೊಲಿಗೆಗೆ ಇನ್ನೆಂಥ ಔಷಧಿ? ಮುಂದೆ ಯಾವತ್ತಾದರೂ ಬೇಕಾದೀತು ಎಂದು ಅಜ್ಜಿ ಅರ್ಧ ಬಾಟಲಿಯನ್ನು ಖಾನೆಯೊಳಗೆ ಎತ್ತಿಟ್ಟಳು. ಮಗಳು ಕೇಳಿದರೆ, "ಕುಡಿಸ್ದೆ" ಎನ್ನುತ್ತಿದ್ದಳು.

ಕೆಲವೇ ದಿನಗಳಲ್ಲಿ ಮಗುವಿನ ಬಾಯಿ ನಾರತೊಡಗಿತು. ಅಜ್ಜಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಯಂತ್ರದ ದೀಪವನ್ನು ಬಾಗಿಸಿ ನೋಡಿದಳು. ಒಂದು ಗಂಟೂ ಸಡಿಲವಾಗಿರಲಿಲ್ಲ. ದಾರ ಹಿಡಿದುಕೊಂಡಿದ್ದ ಮಾಂಸವೇ ಕೊಳೆಯುತ್ತಿತ್ತು.

ಅಷ್ಟರಲ್ಲಿ ಮನೆಗೆ ಬಂದ ಮಗಳು ಮಗುವನ್ನೆತ್ತಿಕೊಂಡು ಹಾಲು ಕುಡಿಸಲು ಕುಳಿತಳು.

"ಇವತ್ತಿಗೆ ಔಷಧಿ ಮುಗೀತಲ್ಲಮ್ಮಾ?"

ಅಜ್ಜಿ ಖಾನೆಗೆ ಬೆನ್ನು ಒತ್ತಿ ನಿಂತಳು. "ಹೂಂ, ಮುಗೀತು" ಎಂದಳು.

ಮಗುವಿನ ಮೂಗಿನ ತುದಿಯಲ್ಲಿ ಹಾಲಿನ ಹನಿಯೊಂದು ಕಾಣಿಸಿಕೊಂಡಿತು.