ಎಳೆ ಕೆಡಿಸಿದಾಕೆಗೇ ಕಿಷ್ಟಮ್ಮನ ಓಟು

ನಾರಾಯಣಪೇಟೆಯ ನೇಕಾರರ ಬೀದಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಲ್ಲುಕಂಬಗಳ ನಡುವೆ ಮಗ್ಗಕ್ಕೇರಬೇಕಾದ ಹತ್ತಿ ನೂಲಿನ ಉದ್ದನೆಯ ಹಾಸು ಬಿಗಿದು ನಿಂತಿದೆ. ಕಿಷ್ಟಮ್ಮ ಮೊಣಕೈವರೆಗೆ ಗಂಜಿ ಮೆತ್ತಿಕೊಂಡು, ಎಳೆ ಗಟ್ಟಿಯಾಗಲೆಂದು ಅದರ ಮೇಲೆ ಗಂಜಿಯ ಕುಂಚ ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾರೆ. ಬೇವಿನ ನೆರಳಲ್ಲಿ ಗಂಜಿ ನಿಧಾನಕ್ಕೆ ಆರಬೇಕು. ಬಿಸಿಲು ಬಿತ್ತೋ, ಎಳೆಗಳು ಪಟಪಟ ಕಡಿದುಹೋಗುತ್ತವೆ.

ವಯಸ್ಸು ಅರವತ್ತೆರಡು. ಗಂಡ ಸಾಯಣ್ಣ ಮಗ್ಗದಲ್ಲಿ, ಇವರು ಬೀದಿಯಲ್ಲಿ. ದಿನಕ್ಕೆ ಎರಡು ಹಾಸು, ಒಂದೊಂದಕ್ಕೂ ನಲವತ್ತು ಸಲ ಓಡಾಟ. ಸೀರೆ ಉಟ್ಟವರು ನೇಯ್ದವನನ್ನು ಹೊಗಳುತ್ತಾರೆ, ಗಂಜಿ ಹಚ್ಚಿದಾಕೆಯನ್ನು ಯಾರು ಕೇಳಬೇಕು? "ಹೆಸರು ತಗೊಂಡು ಏನ್ ಮಾಡೋದೈತ್ರಿ? ಎಳಿ ಕಡೀಬಾರದು, ಅಷ್ಟ" ಎನ್ನುತ್ತಾರೆ ಅವರು.

ಈ ಸಲದ ವಾರ್ಡ್ ಚುನಾವಣೆಯಲ್ಲಿ ಮಾತ್ರ ಅವರಿಗೆ ದಿಗಿಲು ಹುಟ್ಟಿತ್ತು. ನಿಂತಿದ್ದ ಮೂವರೂ ಕೊಟ್ಟ ಭರವಸೆ ಒಂದೇ: ಬಾಗಿಲವರೆಗೆ ಸಿಮೆಂಟ್ ರೋಡ್. ಅಯ್ಯೋ ಶಿವನೇ, ರೋಡ್ ಬಂದರೆ ಕಂಬ ಹೋಗುತ್ತದೆ, ಬೇವು ಹೋಗುತ್ತದೆ, ಹಿಂದೆಯೇ ಕಿಷ್ಟಮ್ಮನ ಕೆಲಸವೂ ಹೋಗುತ್ತದೆ!

ಓಟು ಕೇಳಲು ಬಂದ ಮೊದಲನೆಯವರು ಜೀಪಿನ ಹಾರ್ನ್ ಹೊಡೆಸಿ, ಹಾಸು ಎತ್ತಿ ದಾರಿ ಬಿಡಿ ಎಂದರು. ಒದ್ದೆ ಹಾಸು ಎತ್ತುವುದುಂಟೇ? ಎರಡನೆಯವರು ದೂರದಿಂದಲೇ ಕೈಮುಗಿದು ಜಾಗ ಖಾಲಿ ಮಾಡಿದರು. ಮೂರನೆಯವರು ಹೊಲಿಗೆ ಅಂಗಡಿಯ ಝಾನ್ಸಿ. ಸೆರಗು ಸಿಕ್ಕಿಸಿ, ಕುಂಚ ಇಸಿದುಕೊಂಡು, ಹುರುಪಿನಲ್ಲಿ ತಿರುಗುಮುರುಗಾಗಿ ಎಳೆದೇಬಿಟ್ಟರು. ಮೂವತ್ತು ಎಳೆ ಗೋಜಲು! ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು.

ಮುಂದಿನ ಬೀದಿಗೆ ಹೊತ್ತಾಯಿತೆಂದು ಜೊತೆಯವರು ಕರೆದರೂ ಝಾನ್ಸಿ ಕದಲಲಿಲ್ಲ. ಎರಡು ತಾಸು ಕಿಷ್ಟಮ್ಮನ ಪಕ್ಕದಲ್ಲಿದ್ದು ಗೋಜಲು ಬಿಡಿಸಿ, ಕಡಿದುಹೋದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದರು. ಕಂಬ ಯಾಕೆ ಬೇಕು, ನೆರಳು ಯಾಕೆ ಬೇಕು ಎಂದು ಕೇಳಿ ತಿಳಿದುಕೊಂಡರು. ರೋಡಿನ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಂಡರು.

ಓಟು ಯಾರಿಗೆ ಎಂದು ಪಕ್ಕದ ಮನೆಯ ತಿರುಪತಮ್ಮ ಕೇಳಿದಾಗ ಕಿಷ್ಟಮ್ಮ ಹೇಳಿದ್ದು ಇಷ್ಟೇ: "ತಪ್ಪು ಎಲ್ಲಾರೂ ಮಾಡ್ತಾರವ್ವ. ಈಕಿ ಕೆಡಿಸಿದ್ದನ್ನ ಸರಿ ಮಾಡಿಟ್ಟು ಹೋದ್ಲು. ನನಗ ಅಷ್ಟು ಸಾಕು." ಮಾತು ಮಗ್ಗದಿಂದ ಮಗ್ಗಕ್ಕೆ ಹೋಯಿತು.

ಝಾನ್ಸಿ ಗೆದ್ದರು. ಸಿಮೆಂಟ್ ರಸ್ತೆ ಮೊದಲ ಕಂಬದ ತನಕ ಬಂದು, ಪಕ್ಕದ ಓಣಿಗೆ ತಿರುಗಿಕೊಂಡಿದೆ. ಬೇವಿನ ಕೆಳಗಿನ ಮಣ್ಣಿನ ಬೀದಿ ಹಾಗೇ ಇದೆ, ನೋಡಿದರೆ ಖುಷಿಯಾಗುತ್ತದೆ.

ಗೆದ್ದವರಿಂದ ಇನ್ನೇನು ಬೇಕೆಂದು ಕೇಳಿದರೆ ಕಿಷ್ಟಮ್ಮ ಹಾಸಿನಿಂದ ಕಣ್ಣು ತೆಗೆಯದೆ ನಗುತ್ತಾರೆ. "ದಿನಾ ಬರ್ಲಿ, ಚಾ ಕುಡದು ಹೋಗ್ಲಿ. ಆದ್ರ ಕುಂಚ ಮಾತ್ರ ಕೊಡಂಗಿಲ್ರಿ."